ಯಾವ ಪೇಪರ್ ಹಾಕಿಸೋಣ?

2023ರ ನವೆಂಬರ್ ಕೊನೆಯ ವಾರ ಹೈದರಾಬಾದಿನಲ್ಲಿದ್ದ ಕನ್ನಡಿಗರಿಗೆ ಮರೆತಿರಲಾರದು. 30ರಂದು ತೆಲಂಗಾಣ ವಿಧಾನಸಭೆಗೆ ಮತದಾನ. ಅದಕ್ಕೆ ಮುಂಚಿನ ದಿನಗಳಲ್ಲಿ ಇಲ್ಲಿನ ಪತ್ರಿಕೆಗಳಲ್ಲಿ ಕರ್ನಾಟಕ ಸರ್ಕಾರದ ಜಾಹೀರಾತುಗಳು ಬಂದವು. ಗ್ಯಾರಂಟಿ ಯೋಜನೆಗಳ ವಿವರ, ಸರ್ಕಾರದ ಸಾಧನೆ. ಯೋಜನೆ ಕರ್ನಾಟಕದ್ದು, ದುಡ್ಡು ಕರ್ನಾಟಕದ ಖಜಾನೆಯದು, ಓದುವ ಮತದಾರ ಮಾತ್ರ ತೆಲಂಗಾಣದವನು. ಬಿಆರ್‌ಎಸ್ ಮತ್ತು ಬಿಜೆಪಿ ದೂರು ಕೊಟ್ಟವು. ಪೂರ್ವಾನುಮತಿ ಪಡೆದಿಲ್ಲ, ಇವನ್ನು ನಿಲ್ಲಿಸಿ, ವಿವರಣೆ ಕೊಡಿ ಎಂದು 27ರಂದು ಚುನಾವಣಾ ಆಯೋಗ ಕರ್ನಾಟಕ ಸರ್ಕಾರಕ್ಕೆ ಬರೆಯಿತು. ಅಷ್ಟರಲ್ಲಿ ಪತ್ರಿಕೆಗಳು ಅಚ್ಚಾಗಿ, ಮನೆಮನೆ ಸೇರಿ, ರದ್ದಿಗೂ ಹೋಗಿದ್ದವು.

ಪಕ್ಷಗಳ ಜಗಳ ಅವರಿಗೇ ಇರಲಿ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಆ ಜಾಹೀರಾತುಗಳಲ್ಲಿ ನನಗೆ ಹಿಡಿಸಿದ ಒಂದೇ ಗುಣವೆಂದರೆ, ಹಣ ಕೊಟ್ಟವರು ಯಾರು ಎಂಬುದು ಅವುಗಳ ಮೇಲೇ ಬರೆದಿತ್ತು. ಸುದ್ದಿಯ ವೇಷದಲ್ಲಿ ಬರುವುದಕ್ಕೆ ಅಷ್ಟೂ ಮರ್ಯಾದೆ ಇರುವುದಿಲ್ಲ.

ಕರ್ನಾಟಕದಿಂದ ಹೊಸದಾಗಿ ಕೆಲಸಕ್ಕೆ ಬಂದವರು, ಮಲ್ಕಾಜ್‌ಗಿರಿಯಲ್ಲೋ ಸಫಿಲ್‌ಗುಡದಲ್ಲೋ ಮನೆ ಹಿಡಿದ ಮೇಲೆ, ಹಾಲು, ಗ್ಯಾಸು, ಶಾಲೆಯ ವಿಚಾರ ಮುಗಿಸಿ ಒಂದು ಪ್ರಶ್ನೆ ಕೇಳುವುದುಂಟು. ‘ಸರ್, ಇಲ್ಲಿ ಯಾವ ಪೇಪರ್ ಹಾಕಿಸಬೇಕು? ಪಕ್ಷ ಗಿಕ್ಷ ಇಲ್ಲದ್ದು ಹೇಳಿ.’ ಅಂಥದ್ದು ಇಲ್ಲ ಎನ್ನುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ಆದರೆ ಈ ಊರಿನ ಒಂದು ಅನುಕೂಲ ಅವರಿಗಿನ್ನೂ ಗೊತ್ತಿರುವುದಿಲ್ಲ: ಇಲ್ಲಿ ಯಾವ ಪತ್ರಿಕೆ ಯಾರದು ಎಂಬುದು ಗುಟ್ಟಲ್ಲ. ಇಡ್ಲಿ ಬಂಡಿಯವನನ್ನು ಕೇಳಿದರೂ ಹೇಳುತ್ತಾನೆ.

‘ಸಾಕ್ಷಿ’ 2008ರಲ್ಲಿ ಶುರುವಾದದ್ದೇ ವೈ.ಎಸ್. ಜಗನ್‌ಮೋಹನ ರೆಡ್ಡಿಯವರಿಂದ. ಹೆಸರಿನ ಪಕ್ಕದಲ್ಲಿ ಅವರ ತಂದೆ ರಾಜಶೇಖರ ರೆಡ್ಡಿಯವರ ಚಿತ್ರ ಹಾಕಿಕೊಂಡೇ ಬರುವ ಪತ್ರಿಕೆ ಅದು. ‘ನಮಸ್ತೇ ತೆಲಂಗಾಣ’ 2011ರಲ್ಲಿ, ಪ್ರತ್ಯೇಕ ರಾಜ್ಯದ ಹೋರಾಟದ ಬಿಸಿಯಲ್ಲಿ ಹುಟ್ಟಿದ್ದು. ಅದನ್ನು ನಡೆಸುವ ಸಂಸ್ಥೆಯ ಮುಖ್ಯಸ್ಥ ದಾಮೋದರ ರಾವ್ 2022ರಲ್ಲಿ ಟಿಆರ್‌ಎಸ್‌ನಿಂದ ರಾಜ್ಯಸಭೆಗೆ ಹೋದರು. ‘ವೆಲುಗು’ ವಿವೇಕ್ ವೆಂಕಟಸ್ವಾಮಿಯವರ ಕುಟುಂಬದ್ದು. ಅವರು 2019ರಲ್ಲಿ ಬಿಜೆಪಿ ಸೇರಿ 2023ರ ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿಗೆ ಮರಳಿ ಶಾಸಕರಾದರು, ಮುಂದೆ ಮಂತ್ರಿಯೂ ಆದರು. ಎಡಪಕ್ಷಗಳಿಗೆ ತಮ್ಮವೇ ಪತ್ರಿಕೆಗಳಿವೆ. ಇನ್ನು ‘ಈನಾಡು’, ‘ಆಂಧ್ರಜ್ಯೋತಿ’. ರಾಜಶೇಖರ ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ ಇವುಗಳ ಹೆಸರನ್ನೂ ಹೇಳುತ್ತಿರಲಿಲ್ಲ, ‘ಆ ರೆಂಡು ಪತ್ರಿಕಲು’ ಎನ್ನುತ್ತಿದ್ದರು. ಆ ಎರಡು ಪತ್ರಿಕೆಗಳು ಎಂದರೆ ಸಾಕು, ಸಭೆಯಲ್ಲಿ ಕುಳಿತ ಕೊನೆಯ ರೈತನಿಗೂ ಯಾವುವು ಎಂದು ತಿಳಿಯುತ್ತಿತ್ತು.

ಹೊರಗಿನಿಂದ ಬಂದವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ತಕ್ಕಡಿ ಎಷ್ಟು ವಾಲಿದೆ ಎಂದು ಗೊತ್ತಿದ್ದರೆ ಅದರಲ್ಲೂ ಸರಿಯಾಗಿ ತೂಗಬಹುದು. ಗೊತ್ತಿಲ್ಲದಿದ್ದರೆ ತೂಕದ ಬಟ್ಟು ಎಷ್ಟು ಹೊಳೆದರೂ ವ್ಯರ್ಥ.

ಪಕ್ಷ ಹಿಡಿಯುವುದೇ ಪಾಪ ಎನ್ನುವುದಾದರೆ ನಮ್ಮ ಪತ್ರಿಕೋದ್ಯಮದ ಒಳ್ಳೆಯ ದಿನಗಳನ್ನೆಲ್ಲ ಹರಿದು ಹಾಕಬೇಕಾಗುತ್ತದೆ. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಸ್ವಾತಂತ್ರ್ಯ ಹೋರಾಟದಲ್ಲಿ, ಏಕೀಕರಣದಲ್ಲಿ ಒಂದು ಕಡೆ ನಿಂತಿತ್ತು, ನಿಂತಿದ್ದೇನೆ ಎಂದು ಹೇಳಿಯೇ ನಿಂತಿತ್ತು. ಇದೇ ಹೈದರಾಬಾದಿನಲ್ಲಿ 1948ರ ಆಗಸ್ಟ್‌ನಲ್ಲಿ, ಪೊಲೀಸ್ ಕಾರ್ಯಾಚರಣೆಗೆ ತಿಂಗಳೂ ಇಲ್ಲದಿರುವಾಗ, ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ರಜಾಕಾರರು ಕೊಂದರು. ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಅವರು ಬರೆಯುತ್ತಿದ್ದರು. ಬೀದರ್, ಗುಲ್ಬರ್ಗ, ರಾಯಚೂರಿನ ನಮ್ಮ ಅಜ್ಜಂದಿರ ಭವಿಷ್ಯವೂ ಆ ವಾಕ್ಯಗಳಲ್ಲಿ ಸೇರಿತ್ತು. ಅವರು ‘ಎರಡೂ ಕಡೆಯ ವಾದ’ ಬರೆದು ಕುಳಿತಿದ್ದರೆ ಬದುಕಿರುತ್ತಿದ್ದರೇನೋ.

ಹಾಗಾದರೆ ಪಕ್ಷವಿರುವ ಪತ್ರಿಕೆಗಳ ನಡುವೆ ಆಯ್ಕೆ ಹೇಗೆ? ನನಗೆ ದಾರಿ ತೋರಿಸಿದ್ದು ‘ಈನಾಡು’ವಿನದೇ ಒಂದು ಹಳೆಯ ಕಥೆ.

1974ರಲ್ಲಿ ವಿಶಾಖಪಟ್ಟಣದಲ್ಲಿ ರಾಮೋಜಿ ರಾವ್ ಶುರು ಮಾಡಿದ ಆ ಪತ್ರಿಕೆ, 1982ರ ಮಾರ್ಚ್‌ನಲ್ಲಿ ಎನ್.ಟಿ. ರಾಮರಾವ್ ತೆಲುಗುದೇಶಂ ಕಟ್ಟಿದಾಗ ಬಹಿರಂಗವಾಗಿ ಅವರ ಬೆನ್ನಿಗೆ ನಿಂತಿತು. ಒಂಬತ್ತೇ ತಿಂಗಳಲ್ಲಿ ಎನ್‌ಟಿಆರ್ ಅಧಿಕಾರಕ್ಕೆ ಬಂದರು. ಅದು ಎಲ್ಲರೂ ಬಲ್ಲ ಭಾಗ. ನಾನು ಹೇಳುವುದು ಹತ್ತು ವರ್ಷ ಆಮೇಲಿನದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ, ಸಾಕ್ಷರತಾ ತರಗತಿಗೆ ಹೋಗುತ್ತಿದ್ದ ಕೂಲಿ ಹೆಂಗಸರು ಪಾಠದಲ್ಲಿ ಬಂದ ಕಥೆಯೊಂದನ್ನು ಓದಿ, ಅದರಲ್ಲಿನ ಹೆಂಗಸರು ಮಾಡಿದ್ದನ್ನು ನಾವೇಕೆ ಮಾಡಬಾರದು ಎಂದು ತಮ್ಮೂರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ರೋಸಮ್ಮ ಎಂಬ ಹಳ್ಳಿಯ ಹೆಂಗಸಿನ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ‘ಈನಾಡು’ ಈ ಚಳವಳಿಗೆ ಪ್ರತಿದಿನ ಪುಟ ಬಿಟ್ಟುಕೊಟ್ಟಿತು. ಒಂದೂರಿನಲ್ಲಿ ಆದದ್ದು ಮರುದಿನ ನೂರೂರಿಗೆ ಮುಟ್ಟಿತು. ಸಾರಾಯಿ ಹರಾಜುಗಳು ನಿಂತವು. 1993ರ ಅಕ್ಟೋಬರ್ 1ರಿಂದ ಆಗಿನ ಕಾಂಗ್ರೆಸ್ ಸರ್ಕಾರ ರಾಜ್ಯಾದ್ಯಂತ ಸಾರಾಯಿ ನಿಷೇಧಿಸಲೇಬೇಕಾಯಿತು.

ಆ ಪುಟಗಳಿಗೆ ರಾಜಕೀಯ ಇರಲಿಲ್ಲವೇ? ಖಂಡಿತ ಇತ್ತು. ಆಡಳಿತದಲ್ಲಿದ್ದದ್ದು ಕಾಂಗ್ರೆಸ್, ಪತ್ರಿಕೆಯ ಒಲವು ತೆಲುಗುದೇಶಂ ಕಡೆ. ಸಂಪೂರ್ಣ ಪಾನನಿಷೇಧದ ಭರವಸೆ ಕೊಟ್ಟ ಎನ್‌ಟಿಆರ್ 1994ರ ಕೊನೆಯಲ್ಲಿ ಮತ್ತೆ ಗೆದ್ದರು, 1995ರ ಜನವರಿಯಲ್ಲಿ ಅದನ್ನು ಜಾರಿಗೂ ತಂದರು. ಆದರೆ ರಾಜಕೀಯ ಲಾಭ ಇತ್ತು ಎಂಬ ಕಾರಣಕ್ಕೆ ದೂಬಗುಂಟದ ಹೆಂಗಸರು ಸುಳ್ಳಾಗಲಿಲ್ಲ. ಸರ್ಕಾರದ ಪರವಾದ ಪತ್ರಿಕೆಯೊಂದಕ್ಕೆ ಆ ಹೆಂಗಸರು ಒಳಪುಟದ ಒಂದು ಕಾಲಂ ಸುದ್ದಿ ಆಗಿರುತ್ತಿದ್ದರು. ಕಾನೂನು ಸುವ್ಯವಸ್ಥೆಯ ಸಮಸ್ಯೆ ಎಂದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1995ರ ಸೆಪ್ಟೆಂಬರ್ 1ರಂದು ಚಂದ್ರಬಾಬು ನಾಯ್ಡು ಮಾವನನ್ನು ಇಳಿಸಿ ಕುರ್ಚಿ ಹಿಡಿದರು. ಖಜಾನೆ ಬರಿದಾಯಿತೆಂದು 1997ರಲ್ಲಿ, ಸಾರಾಯಿ ಬಿಟ್ಟು ಉಳಿದ ಮದ್ಯದ ನಿಷೇಧವನ್ನು ತೆಗೆದರು. ತೆಲುಗು ಪತ್ರಿಕೆಗಳ ಹಳೆಯ ಸಂಚಿಕೆ ಸಿಗುವ ಗ್ರಂಥಾಲಯಕ್ಕೆ ಹೋಗುವವರಿಗೆ ನನ್ನ ಸಲಹೆ: 1992ರ ಪುಟಗಳನ್ನು ನೋಡಿದರೆ ಸಾಲದು, 1997ರವನ್ನೂ ಪಕ್ಕದಲ್ಲಿಟ್ಟು ನೋಡಿ.

ಮಾಲೀಕನೇ ಅಧಿಕಾರಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಆಂಧ್ರವೇ ಉದಾಹರಣೆ. 2022ರಲ್ಲಿ ಜಗನ್ ಸರ್ಕಾರ ಗ್ರಾಮ, ವಾರ್ಡ್ ಸ್ವಯಂಸೇವಕರಿಗೆ ಪತ್ರಿಕೆ ಕೊಳ್ಳಲೆಂದು ತಿಂಗಳಿಗೆ 200 ರೂಪಾಯಿ ಮಂಜೂರು ಮಾಡಿತು. ಹೆಚ್ಚು ಪ್ರಸಾರದ ಯಾವುದೇ ಪತ್ರಿಕೆ ಎಂದು ಆದೇಶ. ಇದೆಲ್ಲ ‘ಸಾಕ್ಷಿ’ಯ ಪ್ರಸಾರ ಹೆಚ್ಚಿಸಲು ಎಂದು ‘ಈನಾಡು’ ಪ್ರಕಾಶಕರು ಕೋರ್ಟಿಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ದೆಹಲಿ ಹೈಕೋರ್ಟಿಗೆ ವರ್ಗಾಯಿಸಿತು. ಆರೋಪ ನಿಜವೋ ಸುಳ್ಳೋ ಕೋರ್ಟಿಗೆ ಬಿಡೋಣ. ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಶಿಸ್ತಿದೆ. ಕಂಪನಿಯೊಂದು ತನ್ನ ನಿರ್ದೇಶಕನ ಹೆಂಡತಿಯ ಸಂಸ್ಥೆಯಿಂದ ಮಾಲು ಕೊಂಡರೆ ಅದು ಅಪರಾಧವಲ್ಲ, ಆದರೆ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲಿ ಹೆಸರು ಸಮೇತ ಬರೆಯಬೇಕು. ಸರ್ಕಾರ ಮತ್ತು ಪತ್ರಿಕೆಗಳ ನಡುವಿನ ವ್ಯವಹಾರಕ್ಕೆ ಅಂಥ ಟಿಪ್ಪಣಿ ಪತ್ರಿಕೆಯ ಪುಟದಲ್ಲಿ ಎಲ್ಲೂ ಇಲ್ಲ. ಹತ್ತಿರದ್ದು ಎಂದರೆ, 1867ರ ಹಳೆಯ ಪತ್ರಿಕಾ ಕಾಯ್ದೆಯಡಿ ಪ್ರತಿವರ್ಷ ಮಾರ್ಚ್ ಆರಂಭದಲ್ಲಿ ಅಚ್ಚಾಗುತ್ತಿದ್ದ ನಾಲ್ಕನೇ ನಮೂನೆಯ ಒಂದು ಪುಟ್ಟ ಚೌಕ. ಮಾಲೀಕರು, ಶೇ 1ಕ್ಕಿಂತ ಹೆಚ್ಚು ಬಂಡವಾಳ ಇಟ್ಟವರು ಯಾರೆಂದು ಅದರಲ್ಲಿ ಇರುತ್ತಿತ್ತು. ಪದಬಂಧ ತುಂಬಿಸುವವರೂ ಅದನ್ನು ಓದುತ್ತಿರಲಿಲ್ಲ. 2024ರ ಮಾರ್ಚ್ 1ರಿಂದ ಆ ಕಾಯ್ದೆ ಹೋಗಿ ಹೊಸದು ಬಂದಿದೆ. ಹಳೆಯ ಸಂಚಿಕೆ ಮನೆಯಲ್ಲಿದ್ದರೆ ಆ ಚೌಕ ಹುಡುಕಿ ಓದಿ, ಸಂಪಾದಕೀಯಕ್ಕಿಂತ ಹೆಚ್ಚು ಹೇಳುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನಾನು ಪಾಲಿಸುವುದು ಸರಳ ಪದ್ಧತಿ. ಯಾವ ಪತ್ರಿಕೆಯವರ ಪಕ್ಷ ಅಧಿಕಾರದಲ್ಲಿಲ್ಲವೋ ಆ ಪತ್ರಿಕೆಯನ್ನು ಹಾಕಿಸುವುದು. ಸರ್ಕಾರ ಬದಲಾದರೆ ಪೇಪರ್ ಬದಲಾಯಿಸುವುದು. ಅಧಿಕಾರ ಕಳೆದುಕೊಂಡ ಪತ್ರಿಕೆಗೆ ಇದ್ದಕ್ಕಿದ್ದಂತೆ ಕಣ್ಣು ಬರುತ್ತದೆ. ಹತ್ತು ವರ್ಷ ಕಾಣದಿದ್ದ ರಸ್ತೆಗುಂಡಿ ಕಾಣುತ್ತದೆ, ಹಾಸ್ಟೆಲಿನ ಅನ್ನದಲ್ಲಿ ಹುಳ ಕಾಣುತ್ತದೆ, ಬಾಕಿ ಬಿಲ್ಲು, ಟೆಂಡರು, ವಿದ್ಯಾರ್ಥಿವೇತನ ಎಲ್ಲವೂ ಕಾಣುತ್ತವೆ. ಉದ್ದೇಶ ಶುದ್ಧವಲ್ಲದಿರಬಹುದು. ಹುಳ ಮಾತ್ರ ನಿಜವಾದದ್ದು.

ಇದರಲ್ಲಿ ಒಂದು ಎಚ್ಚರ ಬೇಕು. ವಿರೋಧದಲ್ಲಿರುವ ಪತ್ರಿಕೆ ಸುಳ್ಳನ್ನೂ ಹೇಳುತ್ತದೆ. ಹಾಗಾಗಿ ನಾನು ಸುದ್ದಿಯಲ್ಲಿ ವೋಚರ್ ಹುಡುಕುತ್ತೇನೆ: ಆದೇಶದ ಸಂಖ್ಯೆ, ದಿನಾಂಕ, ಊರಿನ ಹೆಸರು, ಮೊತ್ತ, ಹೆಸರು ಹೇಳಿ ಮಾತಾಡಿದ ಒಬ್ಬ ಮನುಷ್ಯ. ಇವಿದ್ದರೆ ನಂಬಿಕೆಗೆ ಆಧಾರವಿದೆ. ‘ಜನಾಕ್ರೋಶ’, ‘ಭುಗಿಲೆದ್ದ’, ‘ಮೂಲಗಳ ಪ್ರಕಾರ’ ಇಷ್ಟೇ ಇದ್ದರೆ ಪುಟ ತಿರುಗಿಸುತ್ತೇನೆ. ಈ ವಿಷಯದಲ್ಲಿ ಇ–ಪೇಪರ್ ನಮಗೆ ಉಪಕಾರ ಮಾಡಿದೆ. ವಾಟ್ಸ್‌ಆ್ಯಪಿನಲ್ಲಿ ಕತ್ತರಿಸಿ ಬರುವ ತುಣುಕಿನಲ್ಲಿ ಸುದ್ದಿ ಯಾವ ಪುಟದ್ದು, ಎಷ್ಟು ಕಾಲಂ, ಅದರ ಕೆಳಗೆ ಯಾವ ಇಲಾಖೆಯ ಜಾಹೀರಾತು ಇತ್ತು ಎಂಬುದು ತಿಳಿಯುವುದಿಲ್ಲ. ಇಡೀ ಪುಟ ನೋಡಿದರೆ ತಿಳಿಯುತ್ತದೆ. ವಾಲಿಕೆ ಇರುವುದು ಬರೆದ ವಾಕ್ಯದಲ್ಲಿ ಕಡಿಮೆ, ಇಟ್ಟ ಜಾಗದಲ್ಲಿ ಹೆಚ್ಚು.

ಪದಗಳ ಆಯ್ಕೆಯಲ್ಲೂ ಇದೆ. ಸೆಪ್ಟೆಂಬರ್ 17ನ್ನೇ ನೋಡಿ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ. ಕೇಂದ್ರ ಸರ್ಕಾರಕ್ಕೆ ಅದು ವಿಮೋಚನಾ ದಿನ. ಕೆಸಿಆರ್ ಸರ್ಕಾರ ಅದನ್ನು ರಾಷ್ಟ್ರೀಯ ಏಕತಾ ದಿನ ಎಂದಿತು. ರೇವಂತ ರೆಡ್ಡಿ ಸರ್ಕಾರ 2024ರಲ್ಲಿ ಪ್ರಜಾ ಪಾಲನಾ ದಿನೋತ್ಸವ ಎಂದು ಕರೆಯಿತು. ಗಡಿಯ ಆಚೆ ನಮ್ಮ ಕಲಬುರಗಿಯಲ್ಲಿ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿದ್ದು, 2019ರಲ್ಲಿ ಪ್ರದೇಶದ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಮರುದಿನ ಬೆಳಿಗ್ಗೆ ಯಾವ ಪತ್ರಿಕೆ ಶೀರ್ಷಿಕೆಯಲ್ಲಿ ಯಾವ ಹೆಸರು ಬಳಸಿದೆ ಎಂದು ನೋಡಿದರೆ ಸುದ್ದಿ ಓದುವ ಮೊದಲೇ ಅರ್ಧ ತಿಳಿದಿರುತ್ತದೆ.

ಇನ್ನು ನಮ್ಮ ಕನ್ನಡ ಪತ್ರಿಕೆಗಳು. ನಾವು ಪರಸ್ಥಳದವರು ಬೆಳಿಗ್ಗೆ ಕಾಫಿ ಜೊತೆ ಮೊಬೈಲಿನಲ್ಲಿ ತೆರೆಯುವುದು ಇವನ್ನೇ, ಅದರಲ್ಲೂ ನಮ್ಮ ಜಿಲ್ಲೆಯ ಆವೃತ್ತಿಯನ್ನು. ಒಡೆತನದ ರಾಜಕೀಯ ನಂಟು ನಮ್ಮಲ್ಲೂ ಹೊಸದಲ್ಲ. ‘ವಿಜಯ ಕರ್ನಾಟಕ’ ಕಟ್ಟಿದ ವಿಜಯ ಸಂಕೇಶ್ವರ ಬಿಜೆಪಿ ಸಂಸದರಾಗಿದ್ದರು. 2006ರಲ್ಲಿ ಅದನ್ನು ಟೈಮ್ಸ್ ಸಮೂಹಕ್ಕೆ ಮಾರಿ, 2012ರಲ್ಲಿ ‘ವಿಜಯವಾಣಿ’ ತಂದರು. ‘ಕನ್ನಡಪ್ರಭ’ದಲ್ಲಿ ಬಂಡವಾಳ ಹೂಡಿದ ರಾಜೀವ್ ಚಂದ್ರಶೇಖರ್ ಮುಂದೆ ಕೇಂದ್ರದಲ್ಲಿ ಮಂತ್ರಿಯಾದರು. ಆದರೂ ತೆಲುಗಿನಲ್ಲಿದ್ದಂತೆ ‘ಇದು ಆ ಪಕ್ಷದ್ದು, ಅದು ಈ ಪಕ್ಷದ್ದು’ ಎಂದು ಕನ್ನಡದಲ್ಲಿ ಗೆರೆ ಎಳೆದು ಹೇಳುವುದು ಕಷ್ಟ. ನಮ್ಮದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನ. ಬೆಂಗಳೂರಿನಲ್ಲಿ ಯಾರೇ ಇದ್ದರೂ ಅವರ ಜಾಹೀರಾತು ಬೇಕು. ದೆಹಲಿಯದೂ ಬೇಕು. ಮಾಲೀಕರ ಉಳಿದ ವ್ಯವಹಾರಗಳಿಗೆ ಎರಡೂ ಕಡೆಯ ಪರವಾನಗಿ ಬೇಕು.

ಹಾಗಾಗಿ ನನ್ನ ಪದ್ಧತಿಯನ್ನು ಕನ್ನಡಕ್ಕೆ ಸ್ವಲ್ಪ ತಿದ್ದಬೇಕಾಯಿತು. ಈಗ ಬೆಂಗಳೂರಿನಲ್ಲಿ ಒಂದು ಪಕ್ಷ, ದೆಹಲಿಯಲ್ಲಿ ಇನ್ನೊಂದು. ದೆಹಲಿಗೆ ಮೆತ್ತಗಿರುವ ಪತ್ರಿಕೆ ವಿಧಾನಸೌಧದ ವಿಷಯದಲ್ಲಿ ಹುಲಿ. ಮುಡಾ ನಿವೇಶನ, ವಾಲ್ಮೀಕಿ ನಿಗಮದ ಹಣ ಎಂದರೆ ಪುಟಗಟ್ಟಲೆ. ವಿಧಾನಸೌಧಕ್ಕೆ ಮೆತ್ತಗಿರುವ ಪತ್ರಿಕೆ ಚುನಾವಣಾ ಬಾಂಡ್, ಕೇಂದ್ರದ ತೆರಿಗೆ ಪಾಲು ಎಂದರೆ ಗರ್ಜಿಸುತ್ತದೆ. ಒಂದೇ ಪತ್ರಿಕೆಗೆ ಜೀವನಪರ್ಯಂತ ನಿಷ್ಠರಾಗಿರುವ ನಮ್ಮ ತಂದೆಯವರ ಕಾಲದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಬೆಂಗಳೂರಿನ ಸುದ್ದಿಗೆ ಒಂದು, ದೆಹಲಿಯ ಸುದ್ದಿಗೆ ಇನ್ನೊಂದು ಎಂದು ಎರಡು ಓದಬೇಕು. ಈ ಅಂಕಣ ಬರುವ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಇಲ್ಲಿನ ಸಂಪಾದಕರು ಈ ಸಾಲನ್ನು ಬಿಟ್ಟುಕೊಟ್ಟರೆ ಅದು ಅವರ ಪರವಾಗಿ ಒಂದು ಸಾಕ್ಷ್ಯ.

ಆದರೆ ಪರಸ್ಥಳದವರ ಮಟ್ಟಿಗೆ ದೊಡ್ಡ ವಾಲಿಕೆ ಪತ್ರಿಕೆಯಲ್ಲಿಲ್ಲ, ನಮ್ಮ ಓದಿನಲ್ಲೇ ಇದೆ. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್, ವಿಜಯೇಂದ್ರ, ಕುಮಾರಸ್ವಾಮಿ ಎಂದರೆ ನಮಗೆ ಗಂಟೆಗಟ್ಟಲೆ ಅಭಿಪ್ರಾಯವಿದೆ. ಅವರಲ್ಲಿ ಯಾರಿಗೂ ಮತ ಹಾಕುವ ಹಕ್ಕು ನಮ್ಮಲ್ಲಿ ಬಹಳ ಮಂದಿಗೆ ಉಳಿದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಇಲ್ಲಿ. ಮಲ್ಕಾಜ್‌ಗಿರಿ ಎಂದರೆ ದೇಶದಲ್ಲೇ ಅತಿ ಹೆಚ್ಚು ಮತದಾರರ ಲೋಕಸಭಾ ಕ್ಷೇತ್ರ, 2024ರಲ್ಲಿ 37 ಲಕ್ಷಕ್ಕೂ ಮೇಲೆ. 2014ರಲ್ಲಿ ತೆಲುಗುದೇಶಂನ ಮಲ್ಲಾ ರೆಡ್ಡಿ ಗೆದ್ದರು, ಆಮೇಲೆ ಟಿಆರ್‌ಎಸ್ ಸೇರಿದರು. 2019ರಲ್ಲಿ ಕಾಂಗ್ರೆಸ್ಸಿನ ರೇವಂತ ರೆಡ್ಡಿ 10,919 ಮತಗಳಿಂದ ಗೆದ್ದರು, ಇಲ್ಲಿನ ಸಂಸದರಾಗಿದ್ದೇ ಮುಖ್ಯಮಂತ್ರಿಯಾದರು. 2024ರಲ್ಲಿ ಬಿಜೆಪಿಯ ಈಟಲ ರಾಜೇಂದರ್. ಅವರು ಅದಕ್ಕೂ ಮೊದಲು ಟಿಆರ್‌ಎಸ್ ಸರ್ಕಾರದಲ್ಲಿ ಆರೋಗ್ಯ ಮಂತ್ರಿ, 2021ರಲ್ಲಿ ಸಂಪುಟದಿಂದ ಹೊರಬಿದ್ದವರು. ಇಷ್ಟು ಅದಲುಬದಲು ನಡೆಯುವ ಕ್ಷೇತ್ರದಲ್ಲಿ ಬದುಕುತ್ತ, ನಮ್ಮ ಅಪಾರ್ಟ್‌ಮೆಂಟಿನ ಕನ್ನಡಿಗರ ಗುಂಪಿನಲ್ಲಿ ದಿನವೂ ಜಗಳ ನಡೆಯುವುದು ಮೈಸೂರಿನ ನಿವೇಶನಗಳ ಬಗ್ಗೆ.

2020ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ನೇರೆಡ್‌ಮೆಟ್‌ನಲ್ಲಿ ಮಳೆಯ ದಿನ ಶಾಲಾ ಬಾಲಕಿಯೊಬ್ಬಳು ತೆರೆದ ನಾಲಾಕ್ಕೆ ಬಿದ್ದು ತೀರಿಹೋದಳು. ನಾಲಾ ಎಂದರೆ ಈ ಊರಿನ ರಾಜಕಾಲುವೆ. ನಮ್ಮ ಮಕ್ಕಳು ಸೈಕಲ್ ತುಳಿಯುವ ಬೀದಿಗಳ ಪಕ್ಕದಲ್ಲೇ ಅವು ಹರಿಯುತ್ತವೆ. ಯಾವ ನಾಲಾಕ್ಕೆ ಚಪ್ಪಡಿ ಬಿದ್ದಿದೆ, ಯಾವುದಕ್ಕೆ ಇಲ್ಲ, ಗುತ್ತಿಗೆ ಯಾರದು, ಕೆಲಸ ಏಕೆ ನಿಂತಿದೆ ಎಂಬುದು ಕಲಬುರಗಿ ಆವೃತ್ತಿಯಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದು ಬರುವುದು ತೆಲುಗು ಪತ್ರಿಕೆಯ ನಗರ ಪುಟಗಳಲ್ಲಿ. ಅದೂ ಆಗಿನ ಸರ್ಕಾರದ ಮೇಲೆ ಕಣ್ಣಿಟ್ಟ ಪತ್ರಿಕೆಯಲ್ಲಿ ಹೆಚ್ಚು.

ತೆಲುಗು ಓದಲು ಬರುವುದಿಲ್ಲ ಎನ್ನುವವರಿಗೆ: ನಮ್ಮದೂ ಅವರದೂ ಒಂದೇ ಲಿಪಿಯ ಎರಡು ಕವಲು. ತಲಕಟ್ಟು, ಕ, ತ, ಶ ಇಷ್ಟರ ವ್ಯತ್ಯಾಸ ಹಿಡಿದರೆ ಅಕ್ಷರ ಒಂದು ವಾರದ ಕೆಲಸ. ಸಿನಿಮಾ ನೋಡಿ ಮಾತು ಹೇಗೂ ಬಂದಿದೆ. ಅಂಗಡಿ ಬೋರ್ಡಿನಿಂದ ಶುರು ಮಾಡಿ, ಮೂರನೇ ವಾರಕ್ಕೆ ವಾರ್ಡಿನ ಸುದ್ದಿ ಓದಬಹುದು.

2023ರ ಡಿಸೆಂಬರ್‌ನಲ್ಲಿ ಸರ್ಕಾರ ಬದಲಾದ ವಾರ ನಾನು ಪೇಪರ್ ಏಜೆಂಟರಿಗೆ ಫೋನ್ ಮಾಡಿ, ಅಷ್ಟು ವರ್ಷ ಮನೆಗೆ ಸೇರಿಸದಿದ್ದ ‘ನಮಸ್ತೇ ತೆಲಂಗಾಣ’ ಹಾಕಲು ಹೇಳಿದೆ. ಅವರಿಗೆ ಆಶ್ಚರ್ಯ. ‘ಎಲ್ಲರೂ ಈಗ ಅದನ್ನು ನಿಲ್ಲಿಸುತ್ತಿದ್ದಾರೆ, ನೀವು ಹಾಕಿಸುತ್ತಿದ್ದೀರಲ್ಲ ಸಾರ್’ ಎಂದರು. ಅದಕ್ಕೇ ಹಾಕಿಸುತ್ತಿದ್ದೇನೆ ಎಂದೆ. ‘ಈನಾಡು’ ನಿಲ್ಲಿಸಬೇಕೆಂದಿದ್ದೆ. ಭಾನುವಾರದ ಪುರವಣಿ ಬರದಿದ್ದರೆ ಆಗದು ಎಂದು ಮನೆಯಲ್ಲಿ ತೀರ್ಮಾನವಾಗಿದ್ದರಿಂದ ಅದೂ ಬರುತ್ತಿದೆ. ತಿಂಗಳಿಗೆ ಎರಡು ತೆಲುಗು ಪೇಪರಿನ ಬಿಲ್ಲು, ಮೇಲೆ ಎರಡು ಕನ್ನಡ ಇ–ಪೇಪರು.